ಮೇಂಟೆನೆನ್ಸ್ ಚದರಡಿ ಲೆಕ್ಕವೋ, ಮನೆಗಿಷ್ಟು ಅಂತ ಸಮವೋ? ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಜಗಳ ಹತ್ತಿದೆ

ಪ್ರಶ್ನೆ: ಸಣ್ಣಮನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆ ದಾಟಿ ಒಳಗೆ ಒಂದು ಅಪಾರ್ಟ್‌ಮೆಂಟ್‌ನಲ್ಲಿ ನಮ್ಮ ಮನೆ ಇದೆ. ಒಂದು ಬೆಡ್‌ರೂಮಿನದು, 650 ಚದರಡಿ. ಸಾಲ ಮಾಡಿ ಕೊಂಡದ್ದು, ಕಂತು ಇನ್ನೂ ನಡೀತಿದೆ. ನಾನು ಮತ್ತು ಅಮ್ಮ ಇಬ್ಬರೇ ಇರುವುದು.

ಒಟ್ಟು 96 ಮನೆಗಳಿವೆ. 32 ಮನೆ ನಮ್ಮಂಥವು. 40 ಮನೆ ಎರಡು ಬೆಡ್‌ರೂಮಿನವು, 1,150 ಚದರಡಿ. ಉಳಿದ 24 ಮೂರು ಬೆಡ್‌ರೂಮಿನವು, 1,700 ಚದರಡಿ. ಬಿಲ್ಡರ್ ಕೈಬಿಟ್ಟು ಅಸೋಸಿಯೇಷನ್ ವಹಿಸಿಕೊಂಡಾಗಿನಿಂದ ಮೇಂಟೆನೆನ್ಸ್ ಚದರಡಿ ಲೆಕ್ಕದಲ್ಲೇ ಇದೆ. ಈಗ ಚದರಡಿಗೆ 4 ರೂಪಾಯಿ 20 ಪೈಸೆ. ಅಂದರೆ ತಿಂಗಳಿಗೆ ನಮಗೆ 2,730, ಎರಡು ಬೆಡ್‌ರೂಮಿನವರಿಗೆ 4,830, ದೊಡ್ಡ ಮನೆಯವರಿಗೆ 7,140 ರೂಪಾಯಿ.

ಮುಂದಿನ ಎಜಿಎಂನಲ್ಲಿ, ಅಂದರೆ ವಾರ್ಷಿಕ ಸಭೆಯಲ್ಲಿ, ಇದನ್ನು ಬದಲಾಯಿಸಿ ಎಲ್ಲರಿಗೂ ಒಂದೇ ಮೊತ್ತ, 4,700 ರೂಪಾಯಿ ಮಾಡಬೇಕು ಅಂತ ಕಮಿಟಿ ನೋಟಿಸ್ ಹಾಕಿದೆ. ಕಮಿಟಿಯಲ್ಲಿ ಜಾಸ್ತಿ ಇರುವವರು ದೊಡ್ಡ ಮನೆಯವರೇ. ಅವರ ವಾದ ಏನಂದ್ರೆ ಗೇಟಿನ ಸೆಕ್ಯುರಿಟಿ ಎಲ್ಲರಿಗೂ ಒಂದೇ, ಲಿಫ್ಟ್ ಒಂದೇ, ಕಸ ಒಯ್ಯುವವರು ಒಂದೇ, ಮನೆ ದೊಡ್ಡದು ಅನ್ನುವ ಒಂದೇ ಕಾರಣಕ್ಕೆ ನಾವು ಯಾಕೆ ಎರಡೂವರೆ ಪಟ್ಟು ಕೊಡಬೇಕು ಅಂತ. ಕೇಳಿದಾಗ ಅದರಲ್ಲೂ ಒಂದು ಮಟ್ಟಿಗೆ ಅರ್ಥ ಇದೆ ಅನ್ನಿಸುತ್ತದೆ. ಆದರೆ ನಮಗೆ ಒಂದೇ ಏಟಿಗೆ ತಿಂಗಳಿಗೆ ಸುಮಾರು 2,000 ರೂಪಾಯಿ ಜಾಸ್ತಿ ಆಗುತ್ತದೆ. ಅಮ್ಮನ ಪಿಂಚಣಿಯಲ್ಲಿ ಅದು ಔಷಧಿಯ ದುಡ್ಡು.

ಇದರ ಜೊತೆ ನೀರಿನ ಗಲಾಟೆ ಬೇರೆ. ಬೇಸಿಗೆ ಬಂದರೆ ಬೋರ್‌ವೆಲ್ ಸೋಲುತ್ತದೆ, ಟ್ಯಾಂಕರ್ ತರಿಸಲೇಬೇಕು. ಆ ಖರ್ಚೂ ಮೇಂಟೆನೆನ್ಸ್ ಒಳಗೇ ಸೇರಿದೆ. ನೆಲಮಹಡಿಯವರೊಬ್ಬರು ನಾನು ಲಿಫ್ಟೇ ಹತ್ತುವುದಿಲ್ಲ, ಲಿಫ್ಟಿನ ದುಡ್ಡು ಯಾಕೆ ಕೊಡಲಿ ಅಂತ ಗುಂಪಿನಲ್ಲಿ ಬರೆದರು. ಅದಕ್ಕೆ ಕಮಿಟಿಯವರೊಬ್ಬರು ಹೊಸ ದರ ಕೊಡದವರ ಮನೆಗೆ ನೀರು ನಿಲ್ಲಿಸುತ್ತೇವೆ ಅಂತ ಉತ್ತರ ಬರೆದರು. ಅದನ್ನು ಓದಿ ಅಮ್ಮನಿಗೆ ರಾತ್ರಿ ನಿದ್ದೆ ಇಲ್ಲ.

ಗೊತ್ತಿರುವವರು ಹೇಳಿ. ಕಾನೂನಿನಲ್ಲಿ ಯಾವ ಲೆಕ್ಕ ಸರಿ? ಬಹುಮತ ಇದ್ದರೆ ಕಮಿಟಿ ಏನು ಬೇಕಾದರೂ ಬದಲಾಯಿಸಬಹುದಾ? ನೀರು ನಿಲ್ಲಿಸುವ ಅಧಿಕಾರ ಅವರಿಗೆ ಇದೆಯಾ? ಸಭೆಯಲ್ಲಿ ಎದ್ದು ನಿಂತು ಮಾತಾಡಬೇಕು ಅಂದುಕೊಂಡಿದ್ದೇನೆ, ಕೈಯಲ್ಲಿ ಏನಾದರೂ ಆಧಾರ ಇದ್ದರೆ ಧೈರ್ಯ ಬರುತ್ತದೆ.

---

ಉತ್ತರ: ಹಳೇ ಖಜಾಂಚಿ

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಕೆಲವು ವರ್ಷ ಲೆಕ್ಕಪತ್ರ ನೋಡಿಕೊಂಡವನು ನಾನು. ಇದೇ ಜಗಳ ನಮ್ಮಲ್ಲೂ ಆಗಿತ್ತು. ಎಲ್ಲಕ್ಕಿಂತ ಮೊದಲು ನೀವು ಒಂದು ವಿಷಯ ತಿಳಿದುಕೊಳ್ಳಬೇಕು: ನಿಮ್ಮ ಅಸೋಸಿಯೇಷನ್ ಯಾವ ಕಾಯ್ದೆಯಡಿ ನೋಂದಣಿ ಆಗಿದೆ? ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು. ಒಂದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಇನ್ನೊಂದು 1960ರ ಸಂಘಗಳ ನೋಂದಣಿ ಕಾಯ್ದೆ. ಎರಡನೆಯದು ಮೂಲತಃ ಕಲಾ ಸಂಘ, ಸೇವಾ ಸಂಘ, ಕ್ರೀಡಾ ಸಂಘಗಳಂಥವಕ್ಕೆ ಮಾಡಿದ್ದು. ನೋಂದಣಿ ಸುಲಭ ಅಂತ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಅದರಡಿ ಸೇರಿಕೊಂಡಿವೆ. ಮನೆಗಳ ಅಪಾರ್ಟ್‌ಮೆಂಟ್ ನಡೆಸಲು ಆ ಕಾಯ್ದೆ ಹೊಂದುವುದಿಲ್ಲ, 1972ರದ್ದೇ ಸರಿ ಅಂತ ಕರ್ನಾಟಕ ಹೈಕೋರ್ಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದೆ.

ನಿಮ್ಮದು 1972ರ ಕಾಯ್ದೆಯಡಿ ಇದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಕಾಯ್ದೆಯಲ್ಲೇ ಇದೆ. ಸಾಮಾನ್ಯ ಖರ್ಚನ್ನು ಮಾಲೀಕರ ಮೇಲೆ ಹಾಕಬೇಕಾದ್ದು ಅವರವರ ಅವಿಭಜಿತ ಪಾಲಿನ ಪ್ರಕಾರ, ಅಂದರೆ ನೆಲದಲ್ಲೂ ಸಾಮಾನ್ಯ ಜಾಗದಲ್ಲೂ ಪ್ರತಿ ಮನೆಗಿರುವ ಪಾಲಿನ ಪ್ರಕಾರ. ಯುಡಿಎಸ್ ಅಂತ ಸೇಲ್ ಡೀಡ್‌ನಲ್ಲಿ ಬರೆದಿರುತ್ತಾರಲ್ಲ, ಅದು. ಚದರಡಿ ಅಂತಲೂ ಅಲ್ಲ, ಮನೆಗಿಷ್ಟು ಅಂತಲೂ ಅಲ್ಲ, ಪಾಲಿಗೆ ತಕ್ಕಂತೆ. ಆದರೆ ಸಾಮಾನ್ಯವಾಗಿ ಆ ಪಾಲನ್ನು ಬಿಲ್ಡರ್ ಮನೆಯ ವಿಸ್ತೀರ್ಣ ನೋಡಿಯೇ ಹಂಚಿರುತ್ತಾನೆ, ಆದ್ದರಿಂದ ಚದರಡಿ ಲೆಕ್ಕ ಹೆಚ್ಚುಕಡಿಮೆ ಅದಕ್ಕೇ ಹೋಗಿ ನಿಲ್ಲುತ್ತದೆ. ನೀವು ಕೊಟ್ಟ ಅಂಕಿ ಹಿಡಿದರೆ ಒಟ್ಟು 1,07,600 ಚದರಡಿ. ನಿಮ್ಮದು ಅದರಲ್ಲಿ ನೂರಕ್ಕೆ 0.6. ಸಮ ಹಂಚಿದರೆ ನೀವು ಕೊಡುವುದು 96ರಲ್ಲಿ ಒಂದು ಭಾಗ, ಅಂದರೆ ನೂರಕ್ಕೆ ಒಂದಕ್ಕಿಂತ ಜಾಸ್ತಿ.

ಇದಕ್ಕೆ ಒಂದು ಕಾರಣ ಇದೆ, ಅದನ್ನು ಸಭೆಯಲ್ಲಿ ಹೇಳಿ. ಮೇಂಟೆನೆನ್ಸ್ ಅಂದ್ರೆ ಬರೀ ದಿನದ ಸೇವೆ ಅಲ್ಲ. ನೀವೆಲ್ಲ ಸೇರಿ ಒಂದು ಆಸ್ತಿಯನ್ನು ಕಾಪಾಡುತ್ತಿದ್ದೀರಿ. ನಾಳೆ ಕಟ್ಟಡ ಹಳೆಯದಾಗಿ ಕೆಡವಿದರೆ ನೆಲದ ಬೆಲೆ ಹಂಚುವುದು ಪಾಲಿನ ಪ್ರಕಾರ. ಟೆರೇಸಿನ ಮೇಲೆ ಮೊಬೈಲ್ ಟವರ್ ಬಂದರೆ ಅದರ ಬಾಡಿಗೆ ಹಂಚುವುದೂ ಪಾಲಿನ ಪ್ರಕಾರ. ಆದಾಯ ಬಂದಾಗ ಪಾಲು ಹಿಡಿದು, ಖರ್ಚು ಬಂದಾಗ ತಲೆ ಎಣಿಸುವುದು ನ್ಯಾಯ ಅಲ್ಲ, ಅಲ್ವಾ? ಆದಾಯಕ್ಕೂ ಖರ್ಚಿಗೂ ಕಾಯ್ದೆ ಒಂದೇ ಅಳತೆ ಇಟ್ಟಿರುವುದು ಇದಕ್ಕೇ.

ಇನ್ನು ನೆಲಮಹಡಿಯವರ ಲಿಫ್ಟಿನ ಮಾತು. ನಾನು ಬಳಸುವುದಿಲ್ಲ, ಆದ್ದರಿಂದ ಕೊಡುವುದಿಲ್ಲ ಅನ್ನುವಂತಿಲ್ಲ. ಇದನ್ನೂ ಕಾಯ್ದೆ ನೇರವಾಗಿ ಹೇಳುತ್ತದೆ. ಮನೆ ಬೀಗ ಹಾಕಿ ಅಮೆರಿಕಕ್ಕೆ ಹೋದವರೂ ಕೊಡಬೇಕು.

---

ಉತ್ತರ: ಮೂರನೇ ಬೆಡ್‌ರೂಮು

ದೊಡ್ಡ ಮನೆಯವರ ಪರವಾಗಿಯೂ ಒಬ್ಬರು ಮಾತಾಡಬೇಕು. ನಮ್ಮದು 1,800 ಚದರಡಿ, ನಗರದ ಇನ್ನೊಂದು ತುದಿಯಲ್ಲಿ. ನಾನು, ನನ್ನ ಯಜಮಾನರು, ಇಬ್ಬರೂ ನಿವೃತ್ತರು. ಮಕ್ಕಳು ಹೊರಗಿದ್ದಾರೆ. ಮನೆ ದೊಡ್ಡದು ಅಂದ ಮಾತ್ರಕ್ಕೆ ಸಂಬಳ ದೊಡ್ಡದು ಅಂತ ಅಲ್ಲ. ಯಾವ ಕಾಲದಲ್ಲೋ ಸೈಟ್ ಮಾರಿ ಕೊಂಡ ಮನೆ ಇದು.

ನಮ್ಮ ಮೇಲಿನ ಮಹಡಿಯಲ್ಲಿ ಒಂದು ಬೆಡ್‌ರೂಮಿನ ಮನೆಯಲ್ಲಿ ನಾಲ್ಕು ಹುಡುಗರಿದ್ದಾರೆ. ಒಳ್ಳೆಯ ಮಕ್ಕಳು, ಯಾರ ತಂಟೆಗೂ ಬರುವುದಿಲ್ಲ, ನನಗೆ ಅವರ ಮೇಲೆ ಬೇಸರ ಇಲ್ಲ. ಆದರೆ ನಾಲ್ಕು ಜನರ ಸ್ನಾನ, ನಾಲ್ಕು ಜನರ ಬಟ್ಟೆ, ನಾಲ್ಕು ಸಲ ಲಿಫ್ಟ್, ದಿನಾ ಹತ್ತು ಡೆಲಿವರಿ. ನಾವಿಬ್ಬರು ಬಕೆಟ್‌ನಲ್ಲಿ ನೀರು ಹಿಡಿದು ಸ್ನಾನ ಮಾಡುವವರು. ಹಾಗಿದ್ದೂ ಟ್ಯಾಂಕರಿನ ಖರ್ಚಿನಲ್ಲಿ ಅವರಿಗಿಂತ ಎರಡೂವರೆ ಪಟ್ಟು ಜಾಸ್ತಿ ನಮ್ಮದೇ. ಊರ ಹಬ್ಬಕ್ಕೆ ಮನೆಗಿಷ್ಟು ಅಂತ ವಂತಿಗೆ ಎತ್ತುವುದಿಲ್ವಾ, ಮನೆಯ ಅಂಕಣ ಎಣಿಸಿ ಎತ್ತುತ್ತಾರಾ?

ಇನ್ನೊಂದು ವಿಷಯ, ಇದು ಸಣ್ಣ ಮನೆಯವರಿಗೆ ಗೊತ್ತೇ ಇರುವುದಿಲ್ಲ. ತಿಂಗಳ ಮೇಂಟೆನೆನ್ಸ್ 7,500 ರೂಪಾಯಿ ದಾಟಿದರೆ, ಅಸೋಸಿಯೇಷನ್ನಿನ ವರ್ಷದ ವಸೂಲಿ 20 ಲಕ್ಷಕ್ಕಿಂತ ಜಾಸ್ತಿ ಇದ್ದರೆ, ಜಿಎಸ್‌ಟಿ ಬೀಳುತ್ತದೆ. ನೂರಕ್ಕೆ 18. ನಿಮ್ಮ ಕಟ್ಟಡದಲ್ಲಿ ದೊಡ್ಡ ಮನೆಯವರು ಈಗ 7,140ರಲ್ಲಿ ನಿಂತಿದ್ದಾರೆ. ಚದರಡಿಗೆ ಮೂವತ್ತು ಪೈಸೆ ಏರಿಸಿದರೆ 7,650 ಆಯಿತು, ಗೆರೆ ದಾಟಿತು. ಅವರು ಈಗಲೇ ಗಡಿಬಿಡಿ ಮಾಡುತ್ತಿರುವುದು ಇದೇ ಭಯಕ್ಕೆ ಇರಬಹುದು. ಅವರನ್ನು ಸ್ವಾರ್ಥಿಗಳು ಅಂತ ಸುಮ್ನೆ ತಳ್ಳಿಹಾಕಬೇಡಿ. ಮಾತಾಡಿ.

---

ಉತ್ತರ: ಹಳೇ ಖಜಾಂಚಿ

ಜಿಎಸ್‌ಟಿ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಅದರಲ್ಲಿ ಒಂದು ತೊಡಕಿದೆ. 7,500 ದಾಟಿದರೆ ಇಡೀ ಮೊತ್ತದ ಮೇಲೆ ತೆರಿಗೆ ಅಂತ 2019ರ ಜುಲೈನಲ್ಲಿ ಕೇಂದ್ರ ಸುತ್ತೋಲೆ ಹೊರಡಿಸಿತು. ಆದರೆ 2021ರಲ್ಲಿ ಮದ್ರಾಸ್ ಹೈಕೋರ್ಟ್, ದಾಟಿದಷ್ಟಕ್ಕೆ ಮಾತ್ರ ತೆರಿಗೆ ಅಂತ ಹೇಳಿತು. 7,650 ಅಂತ ಇಟ್ಟುಕೊಳ್ಳಿ. ಇಡೀ ಮೊತ್ತಕ್ಕೆ ಹಾಕಿದರೆ 1,377 ರೂಪಾಯಿ ತೆರಿಗೆ. ಮೇಲಿನ 150ಕ್ಕೆ ಮಾತ್ರ ಹಾಕಿದರೆ 27 ರೂಪಾಯಿ. ವ್ಯತ್ಯಾಸ ನೋಡಿ! ಇದನ್ನು ಕಮಿಟಿ ತಾನೇ ತೀರ್ಮಾನ ಮಾಡದೆ ಲೆಕ್ಕ ಪರಿಶೋಧಕರನ್ನು ಕೂರಿಸಿಕೊಂಡು ಕೇಳಲಿ.

ಆದರೆ ಮೂರನೇ ಬೆಡ್‌ರೂಮಿನವರೇ, ವಂತಿಗೆಯ ಮಾತು ಮಾತ್ರ ನಾನು ಒಪ್ಪುವುದಿಲ್ಲ. ವಂತಿಗೆ ಕೊಡುವುದು ಇಷ್ಟಪಟ್ಟು. ಇದು ರಿಜಿಸ್ಟರ್ ಆದ ಪತ್ರದಲ್ಲಿ ಬರೆದ ಪಾಲು. ನಿಮ್ಮ ನಿಜವಾದ ತಕರಾರು ಇರುವುದು ನೀರಿನ ಬಗ್ಗೆ. ಅದು ನ್ಯಾಯವಾದ ತಕರಾರೇ. ಅದನ್ನು ಬೇರೆ ತೆಗೆದು ಬಗೆಹರಿಸಬೇಕು. ನೀರಿನ ಸಿಟ್ಟನ್ನು ತಂದು ಸೆಕ್ಯುರಿಟಿ, ಪೇಂಟಿಂಗ್, ಲಿಫ್ಟ್ ಎಲ್ಲದರ ಮೇಲೂ ಹಾಕುತ್ತಿರುವುದರಿಂದಲೇ ಈ ಜಗಳ ಹುಟ್ಟಿರುವುದು.

---

ಉತ್ತರ: ಸಂಪಿನ ಲೆಕ್ಕ

ನೀರಿನ ವಿಷಯ ಬಂತು ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೆ ಈ ಇಡೀ ಜಗಳದ ಬುಡ ಇಲ್ಲೇ ಇದೆ ಅಂತ ನನ್ನ ನಂಬಿಕೆ.

ನಗರಗಳಿಗೆ ಸರಕಾರ ಹಿಡಿಯುವ ಲೆಕ್ಕ ಒಬ್ಬರಿಗೆ ದಿನಕ್ಕೆ 135 ಲೀಟರ್. ನಿಮ್ಮ 96 ಮನೆಯಲ್ಲಿ 300 ಜನ ಇದ್ದಾರೆ ಅಂತ ಇಟ್ಟುಕೊಂಡರೆ ದಿನಕ್ಕೆ 40,500 ಲೀಟರ್. ಬೋರ್‌ವೆಲ್ ಪೂರ್ತಿ ಕೈಕೊಟ್ಟರೆ 12,000 ಲೀಟರಿನ ಟ್ಯಾಂಕರ್ ದಿನಕ್ಕೆ ಮೂರು ಸಾಲುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಬರ ಬಂದಾಗ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು. 5 ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ, 6,000 ಲೀಟರಿಗೆ 600. ಆ ದರಕ್ಕೇ ಸಿಕ್ಕಿದರೂ ತಿಂಗಳಿಗೆ ಲಕ್ಷ ರೂಪಾಯಿ ಮುಟ್ಟುತ್ತದೆ. ಬೇಸಿಗೆಯಲ್ಲಿ ಆ ದರಕ್ಕೆ ಎಷ್ಟು ಜನ ಕೊಡುತ್ತಾರೆ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ನಿಮ್ಮ ತಿಂಗಳ ಒಟ್ಟು ವಸೂಲಿ ನಾಲ್ಕೂವರೆ ಲಕ್ಷ. ಅದರಲ್ಲಿ ನಾಲ್ಕನೇ ಒಂದು ಭಾಗಕ್ಕೆ ಹತ್ತಿರ ಬರೀ ನೀರಿಗೇ ಹೋದರೆ, ಅದನ್ನು ಚದರಡಿಗೆ ಹಂಚಿದರೂ ತಪ್ಪು, ಮನೆಗೆ ಸಮ ಹಂಚಿದರೂ ತಪ್ಪು. ನಾಲ್ಕು ಜನ ಇರುವ ಸಣ್ಣ ಮನೆಗೆ ದಿನಕ್ಕೆ 540 ಲೀಟರ್ ಬೇಕು. ಇಬ್ಬರು ಇರುವ ದೊಡ್ಡ ಮನೆಗೆ 270. ಇಬ್ಬರೇ ಇರುವ ನಿಮ್ಮ ಸಣ್ಣ ಮನೆಗೂ ಅದೇ 270. ಮನೆಯ ಅಳತೆಗೂ ನೀರಿಗೂ ಸಂಬಂಧವೇ ಇಲ್ಲ.

ಮೀಟರ್ ಹಾಕಿಸಿ. ಪ್ರತಿ ಮನೆಗೂ. ಬಳಸಿದಷ್ಟಕ್ಕೆ ದುಡ್ಡು. ನಮ್ಮಲ್ಲಿ ಮೀಟರ್ ಬಂದ ಮೇಲೆ ಆದ ಬದಲಾವಣೆ ನಾನೇ ನೋಡಿದ್ದೇನೆ. ವರ್ಷಗಟ್ಟಲೆ ಸೋರುತ್ತಿದ್ದ ಫ್ಲಶ್ ಟ್ಯಾಂಕ್‌ಗಳನ್ನು ಜನ ಒಂದೇ ತಿಂಗಳಲ್ಲಿ ರಿಪೇರಿ ಮಾಡಿಸಿದರು. ಯಾರೂ ಕೆಟ್ಟವರಾಗಿರಲಿಲ್ಲ, ಎಷ್ಟು ಸೋರುತ್ತಿದೆ ಅಂತ ಯಾರಿಗೂ ಕಾಣಿಸುತ್ತಿರಲಿಲ್ಲ ಅಷ್ಟೇ.

ಆದರೆ ಹಳೇ ಕಟ್ಟಡದಲ್ಲಿ ಮೀಟರ್ ಕೂರಿಸುವುದು ಸುಲಭದ ಕೆಲಸ ಅಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕರೆಂಟಿನ ಹಾಗೆ ಮನೆಗೊಂದೇ ದಾರಿಯಲ್ಲಿ ನೀರು ಬರುವುದಿಲ್ಲ. ಮೇಲಿನ ಟ್ಯಾಂಕಿನಿಂದ ಒಂದೊಂದು ಬಾತ್‌ರೂಮಿಗೆ ಒಂದೊಂದು ಪೈಪ್ ಕೆಳಗಿಳಿದಿರುತ್ತದೆ, ಅಡುಗೆಮನೆಗೆ ಇನ್ನೊಂದು, ಬಟ್ಟೆ ಒಗೆಯುವ ಜಾಗಕ್ಕೆ ಮತ್ತೊಂದು. ಮೂರು ಬೆಡ್‌ರೂಮಿನ ಮನೆಯಲ್ಲಿ ನಾಲ್ಕೈದು ಕಡೆಯಿಂದ ನೀರು ಒಳಗೆ ಬರಬಹುದು, ಅಂದರೆ ಅಷ್ಟೂ ಕಡೆ ಮೀಟರ್ ಬೇಕು. ಖರ್ಚು ಅಲ್ಲೇ ಏರುವುದು. ಮೀಟರಿನ ದುಡ್ಡು ಮನೆಯವರೇ ಕೊಡಬೇಕಾ, ಕಾರ್ಪಸ್‌ನಿಂದ (ದೊಡ್ಡ ಖರ್ಚಿಗೆ ಅಂತ ಎಲ್ಲರೂ ಕೂಡಿಟ್ಟ ನಿಧಿಯಿಂದ) ತೆಗೆಯಬೇಕಾ ಅಂತ ಅಲ್ಲೂ ಒಂದು ಜಗಳ ಆಗುತ್ತದೆ. ನಮ್ಮಲ್ಲಿ ಅರ್ಧ ಅರ್ಧ ಮಾಡಿದೆವು.

ಇನ್ನೂ ಎರಡು ವಿಷಯ ಕೇಳಿ ನೋಡಿ. ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡುವ ಚಿಕ್ಕ ಜಾಲರಿ) ಹಾಕಿದ್ದಾರಾ? 2024ರಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟ್‌ಗಳಿಗೆ ಅದನ್ನು ಕಡ್ಡಾಯ ಮಾಡಿತು. ಸಾಮಾನ್ಯ ಜಾಗದ ನಲ್ಲಿಗಳಿಂದ ಶುರು ಮಾಡಿ, ಖರ್ಚು ತೀರಾ ಕಡಿಮೆ. ಮತ್ತೆ, ಕಾವೇರಿ ಐದನೇ ಹಂತದ ನೀರು ನಿಮ್ಮ ರಸ್ತೆಗೆ ಬಂದಿದೆಯಾ? 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಅಂತಲೇ ಮಾಡಿದ ಯೋಜನೆ ಅದು, ದಿನಕ್ಕೆ 77.5 ಕೋಟಿ ಲೀಟರ್, 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಸಂಪರ್ಕಕ್ಕೆ ಒಂದೇ ಸಲ ದೊಡ್ಡ ಮೊತ್ತ ಕಟ್ಟಬೇಕು ಅಂತ ಎಷ್ಟೋ ಅಸೋಸಿಯೇಷನ್‌ಗಳು ಹಿಂದೇಟು ಹಾಕುತ್ತವೆ. ವರ್ಷಾ ವರ್ಷ ಟ್ಯಾಂಕರಿಗೆ ಸುರಿಯುವ ದುಡ್ಡಿನ ಜೊತೆ ಹೋಲಿಸಿ ನೋಡಿ, ಆಮೇಲೆ ಹೇಳಿ.

---

ಉತ್ತರ: ಹಾವೇರಿ ಹುಡುಗ

ಮೇಲೆ ನಾಲ್ಕು ಹುಡುಗರ ಮಾತು ಬಂತಲ್ಲ, ಅಂಥದ್ದೇ ಮನೆಯಲ್ಲಿ ಬಾಡಿಗೆಗೆ ಇರುವವನು ನಾನು. ನಾವು ಮೂರು ಜನ. ನೀರು ಜಾಸ್ತಿ ಬಳಸಿದರೆ ಜಾಸ್ತಿ ಕೊಡಲು ನಮ್ಮ ತಕರಾರು ಇಲ್ಲ. ಮೀಟರ್ ಹಾಕಿ, ಇವತ್ತೇ ಹಾಕಿ. ಆಗ ಲಿಫ್ಟಿನಲ್ಲಿ ಸಿಕ್ಕಿದವರೆಲ್ಲ ಬ್ಯಾಚುಲರ್‌ಗಳಿಂದಲೇ ನೀರು ಖಾಲಿ ಅಂತ ನಮ್ಮ ಮುಖ ನೋಡುವುದಾದರೂ ನಿಲ್ಲುತ್ತದೆ.

ನನ್ನ ದೂರು ಬೇರೆ. ಬಹಳ ಕಡೆ ಮೇಂಟೆನೆನ್ಸ್ ಕೊಡುವುದು ಬಾಡಿಗೆಯವರು. ದರ ಏರಿದರೆ ಮಾಲೀಕರು ಮರುದಿನವೇ ನಮಗೆ ಮೆಸೇಜ್ ಹಾಕುತ್ತಾರೆ. ಆದರೆ ಸಭೆಗೆ ನಾವು ಬರುವಂತಿಲ್ಲ, ಲೆಕ್ಕ ಕೇಳುವಂತಿಲ್ಲ, ಗುಂಪಿನಲ್ಲಿ ನಮ್ಮನ್ನು ಸೇರಿಸುವುದಿಲ್ಲ. ಓಟು ಮಾಲೀಕರದ್ದೇ ಇರಲಿ, ಅದು ಅವರ ಆಸ್ತಿ. ಕೊನೆಗೆ ತಿಂಗಳ ಖರ್ಚಿನ ಪಟ್ಟಿಯನ್ನಾದರೂ ನೋಟಿಸ್ ಬೋರ್ಡಿಗೆ ಅಂಟಿಸಿ. ಟ್ಯಾಂಕರ್ ಎಷ್ಟು ಬಂತು, ಡೀಸೆಲ್ ಎಷ್ಟು ಹಾಕಿದಿರಿ, ಸೆಕ್ಯುರಿಟಿ ಏಜೆನ್ಸಿಗೆ ಎಷ್ಟು ಕೊಟ್ಟಿರಿ. ಎಲ್ಲ ಕಣ್ಣಿಗೆ ಕಂಡರೆ ಅರ್ಧ ಅನುಮಾನ ಹೋಗುತ್ತದೆ.

ಇನ್ನೊಂದು ಮಾತು. ಖರ್ಚು ಕಡಿಮೆ ಮಾಡಬೇಕು ಅಂದ ಕೂಡಲೇ ಎಲ್ಲ ಕಮಿಟಿಗಳೂ ಮೊದಲು ಕೈ ಹಾಕುವುದು ಗಾರ್ಡ್‌ಗಳ ಮತ್ತು ಹೌಸ್‌ಕೀಪಿಂಗ್ ಅಕ್ಕಂದಿರ ತಲೆ ಲೆಕ್ಕಕ್ಕೆ. ನಾಲ್ಕು ಜನ ಮಾಡುವ ಕೆಲಸ ಮೂರು ಜನಕ್ಕೆ ಬೀಳುತ್ತದೆ. ನಮ್ಮ ಗೇಟಿನಲ್ಲಿ ರಾತ್ರಿ ಪಾಳಿ ಮುಗಿಸಿದ ಮನುಷ್ಯನೇ ಬೆಳಿಗ್ಗೆ ಮತ್ತೆ ಪಾಳಿ ಮಾಡುವುದನ್ನು ನೋಡಿದ್ದೇನೆ. ನಿಮ್ಮ ಸಭೆಯಲ್ಲಿ ಎಷ್ಟು ಬೇಕಾದರೂ ವಾದ ಮಾಡಿ, ಆ ವಾದದ ಹೊರೆ ಅವರ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ ಅಕ್ಕಾ.

---

ಸಣ್ಣಮನೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ.

ಸೇಲ್ ಡೀಡ್ ತೆಗೆದು ನೋಡಿದೆ. ಅವಿಭಜಿತ ಪಾಲು ಅದರಲ್ಲಿ ಬರೆದಿದೆ, ಹಳೇ ಖಜಾಂಚಿಯವರು ಹೇಳಿದ ಹಾಗೆ ನಮ್ಮ ಪಾಲು ವಿಸ್ತೀರ್ಣಕ್ಕೆ ತಕ್ಕಷ್ಟೇ ಇದೆ. ಡೀಡ್ ಆಫ್ ಡಿಕ್ಲರೇಷನ್ (ಕಟ್ಟಡವನ್ನು ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ) ಅಂತ ಇನ್ನೊಂದು ಪತ್ರವೂ ಸಿಕ್ಕಿತು, ಮನೆ ನೋಂದಣಿ ಆದಾಗ ಬಿಲ್ಡರ್ ಕೊಟ್ಟ ಫೈಲಿನಲ್ಲೇ ಇತ್ತು. 1972ರ ಕಾಯ್ದೆ ಅಂತಲೇ ಅದರಲ್ಲಿದೆ. ಹಾಗಾದರೆ ಸಭೆಯಲ್ಲಿ ಜಾಸ್ತಿ ಜನ ಕೈ ಎತ್ತಿದರೆ ಏನಾಗುತ್ತದೆ? ಎರಡು ಬೆಡ್‌ರೂಮಿನವರಿಗೆ ಹೊಸ ಲೆಕ್ಕದಲ್ಲಿ 130 ರೂಪಾಯಿ ಕಡಿಮೆ ಆಗುತ್ತದೆ. ಅವರು ಆ ಕಡೆ ಹೋದರೆ 64 ಮನೆ ಆಯಿತು. ನಾವು 32. ನೀರು ನಿಲ್ಲಿಸುವ ಮಾತಿಗೂ ಯಾರೂ ಇನ್ನೂ ಉತ್ತರ ಹೇಳಿಲ್ಲ.

---

ಉತ್ತರ: ಹಳೇ ಖಜಾಂಚಿ

ಡಿಕ್ಲರೇಷನ್ ಸಿಕ್ಕಿದ್ದು ದೊಡ್ಡ ವಿಷಯ. ಅದರ ಒಂದು ಪ್ರತಿ ಮಾಡಿ ಇಟ್ಟುಕೊಳ್ಳಿ, ಸಭೆಗೆ ಒಯ್ಯಿರಿ.

ಕೈ ಎಣಿಸುವ ವಿಷಯ. 1972ರ ಕಾಯ್ದೆಯಲ್ಲಿ ಬಹುಮತ ಅಂದ್ರೆ ಬರೀ ಮನೆಗಳ ಸಂಖ್ಯೆ ಅಲ್ಲ. ಡಿಕ್ಲರೇಷನ್‌ನಲ್ಲಿ ಪ್ರತಿ ಮನೆಗೆ ಓಟಿನ ಶೇಕಡಾ ಬರೆದಿರುತ್ತದೆ. ಆ ಪ್ರಕಾರ ನೂರಕ್ಕೆ 51 ಬೇಕು. ನಿಮ್ಮಲ್ಲಿ ಅದು ವಿಸ್ತೀರ್ಣದ ಹಾಗೇ ಇದ್ದರೆ ದೊಡ್ಡ ಮನೆಗಳದ್ದು ಸುಮಾರು 38, ಎರಡು ಬೆಡ್‌ರೂಮಿನವರದ್ದು ಸುಮಾರು 43, ನಿಮ್ಮಂಥ ಸಣ್ಣ ಮನೆಗಳೆಲ್ಲ ಸೇರಿ 19. ಹೀಗೆ ನೋಡಿದರೂ ನಡುವಿನವರೇ ನಿರ್ಣಾಯಕ. ಅವರನ್ನು ಸಭೆಗೆ ಮುಂಚೆಯೇ ಹೋಗಿ ಮಾತಾಡಿಸಿ.

ಆದರೆ ಓಟಿನ ಲೆಕ್ಕಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಡಿಕ್ಲರೇಷನ್‌ನಲ್ಲಿ ಬರೆದ ಪಾಲು ಕಾಯಂ. ಅದನ್ನು ಬದಲಾಯಿಸಲು 51 ಸಾಲದು, ಎಲ್ಲ ಮಾಲೀಕರೂ ಒಪ್ಪಿ, ತಿದ್ದಿದ ಡಿಕ್ಲರೇಷನ್ ಮತ್ತೆ ನೋಂದಣಿ ಆಗಬೇಕು. ಖರ್ಚು ಹಂಚುವುದು ಆ ಪಾಲಿನ ಮೇಲೆ ಅಂತ ಕಾಯ್ದೆ ಹೇಳುವಾಗ ಒಂದು ಸಭೆಯ ನಿರ್ಣಯ ಅದನ್ನು ದಾಟಿ ಹೋಗುವಂತಿಲ್ಲ. ನಿಮ್ಮ ತಕರಾರನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಬರೆದು ಕೊಡಿ, ಸಭೆಯ ನಡಾವಳಿಯಲ್ಲಿ ಸೇರಿಸಿ ಅಂತ ಕೇಳಿ. ನಡಾವಳಿಯ ಪ್ರತಿ ಪಡೆಯಿರಿ. ಮುಂದೆ ಎಲ್ಲಿಗೆ ಹೋದರೂ ಮೊದಲು ಕೇಳುವುದು ಅದನ್ನೇ.

ನೀರು ನಿಲ್ಲಿಸುವುದು. ಮೇಂಟೆನೆನ್ಸ್ ಬಾಕಿ ಇದ್ದರೆ ವಸೂಲಿಗೆ ಕಾಯ್ದೆಯೇ ದಾರಿ ಕೊಟ್ಟಿದೆ. ಆ ಬಾಕಿ ನಿಮ್ಮ ಮನೆಯ ಮೇಲೆ ಹೊರೆಯಾಗಿ ಕೂರುತ್ತದೆ, ಪಾಲಿಕೆಯ ತೆರಿಗೆ ಮತ್ತು ಅಡಮಾನದ ಸಾಲ ಬಿಟ್ಟರೆ ಅದಕ್ಕೇ ಮೊದಲ ಹಕ್ಕು. ಮನೆ ಮಾರುವಾಗ ಅದು ತೀರಲೇಬೇಕು. ಇಷ್ಟು ಗಟ್ಟಿ ದಾರಿ ಇರುವಾಗ ವಯಸ್ಸಾದವರಿರುವ ಮನೆಯ ನೀರಿಗೆ ಕೈ ಹಾಕುವುದು ಅನ್ಯಾಯ. ನಾನು ಖಜಾಂಚಿ ಇದ್ದಾಗ ಈ ಮಾತು ಬಂದಾಗಲೆಲ್ಲ ವಿರೋಧ ಮಾಡಿದ್ದೇನೆ, ಈಗಲೂ ಮಾಡುತ್ತೇನೆ. ಆ ಮೆಸೇಜಿನ ಚಿತ್ರ ತೆಗೆದಿಟ್ಟುಕೊಳ್ಳಿ. ನೀವು ಮಾತ್ರ ಒಂದು ಕೆಲಸ ಮಾಡಿ: ಜಗಳ ಮುಗಿಯುವವರೆಗೆ ಹಳೇ ದರವನ್ನು ತಿಂಗಳು ತಪ್ಪದೆ ಬ್ಯಾಂಕ್ ಮೂಲಕ ಕಟ್ಟುತ್ತಿರಿ. ಸಿಟ್ಟಿನಲ್ಲಿ ನಿಲ್ಲಿಸಬೇಡಿ. ಡಿಫಾಲ್ಟರ್ ಅನ್ನುವ ಹೆಸರು ಅವರ ಕೈಗೆ ಸಿಗಬಾರದು.

---

ಉತ್ತರ: ಹನ್ನೆರಡು ಮನೆ

ನಮ್ಮದು ಜಯನಗರದಲ್ಲಿ ಹಳೇ ಕಾಲದ ಚಿಕ್ಕ ಕಟ್ಟಡ. ಹನ್ನೆರಡೇ ಮನೆ, ಎಲ್ಲವೂ ಒಂದೇ ಅಳತೆ. ನಾವು ಸಮ ಹಂಚಿಕೊಳ್ಳುತ್ತೇವೆ, ಯಾರಿಗೂ ತೊಂದರೆ ಇಲ್ಲ. ಸಮ ಅನ್ನುವುದು ಇಂಥ ಕಡೆ ಸರಿ. 650 ಮತ್ತು 1,700 ಒಂದೇ ಗೇಟಿನೊಳಗೆ ಇರುವಲ್ಲಿ ನಡೆಯುವುದಿಲ್ಲ. ಲಿಫ್ಟ್ ಬದಲಾಯಿಸುವ ವರ್ಷ ಬಂದಾಗ ನೋಡಿ, ಲಕ್ಷಗಟ್ಟಲೆ ಖರ್ಚು. ಅದನ್ನೂ ಸಮ ಹಂಚಿದರೆ ಸಣ್ಣ ಮನೆಯವರು ಮನೆ ಮಾರಿ ಹೋಗಬೇಕಾಗುತ್ತದೆ.

---

ಉತ್ತರ: ಮೂರನೇ ಬೆಡ್‌ರೂಮು

ಇಲ್ಲಿ ಬಂದ ಉತ್ತರ ಎಲ್ಲ ಓದಿದೆ. ನೀರನ್ನು ಬೇರೆ ತೆಗೆದರೆ ಉಳಿದದ್ದಕ್ಕೆ ಪಾಲಿನ ಲೆಕ್ಕ ಇರಲಿ ಅನ್ನುವುದನ್ನು ನಾನು ಒಪ್ಪುತ್ತೇನೆ. ನಮ್ಮ ಕಟ್ಟಡದಲ್ಲೂ ಇದನ್ನೇ ಎತ್ತಬೇಕು ಅಂತ ಯಜಮಾನರಿಗೆ ಹೇಳಿದೆ. ನಿಮ್ಮಲ್ಲಿನ ದೊಡ್ಡ ಮನೆಯವರಿಗೂ ಹೀಗೇ ಹೇಳಿ ನೋಡಿ. ಅವರಲ್ಲೂ ಇಬ್ಬರೇ ಇರುವ ಮನೆಗಳು ಇದ್ದೇ ಇರುತ್ತವೆ, ಮೀಟರ್ ಬಂದರೆ ಅವರಿಗೆ ಲಾಭ. ಕಾನೂನಿನ ಪತ್ರ ಮೊದಲೇ ಎದುರಿಗೆ ಹಿಡಿಯಬೇಡಿ, ಮೊದಲು ಚಹಾಕ್ಕೆ ಕರೆಯಿರಿ.

---

ಸಣ್ಣಮನೆ

ಮೇಡಂ, ಹಾಗೇ ಮಾಡುತ್ತೇನೆ. ನಿನ್ನೆ ಎರಡು ಬೆಡ್‌ರೂಮಿನ ಕೆಲವು ಮನೆಗಳಿಗೆ ಹೋಗಿ ಮಾತಾಡಿದೆ. 130 ರೂಪಾಯಿಗೋಸ್ಕರ ಯಾರೂ ಹಟ ಹಿಡಿದಿಲ್ಲ. ಅವರೆಲ್ಲ ಕೇಳಿದ್ದು ಟ್ಯಾಂಕರಿನ ಲೆಕ್ಕವನ್ನೇ. ನೋಟಿಸ್‌ಗೆ ಬದಲಾಗಿ ನಾವೇ ಒಂದು ಪ್ರಸ್ತಾಪ ಬರೆದು ಕೊಡೋಣ ಅಂತ ಮಾತಾಯಿತು. ನೀರು ಮೀಟರಿಗೆ, ಉಳಿದದ್ದು ಪಾಲಿಗೆ, ತಿಂಗಳ ಖರ್ಚು ನೋಟಿಸ್ ಬೋರ್ಡಿಗೆ. ಗಾರ್ಡ್‌ಗಳ ಸಂಖ್ಯೆ ಕಡಿಮೆ ಮಾಡಬಾರದು ಅಂತ ಒಂದು ಸಾಲು ನಾನೇ ಸೇರಿಸಿದೆ.

ಸಂಪಿನ ಲೆಕ್ಕದವರಿಗೆ ಒಂದು ಪ್ರಶ್ನೆ. ಒಂದೊಂದು ಮನೆಗೆ ಎಷ್ಟು ಕಡೆಯಿಂದ ನೀರು ಬರುತ್ತದೆ ಅಂತ ನಾವೇ ಪತ್ತೆ ಮಾಡಬಹುದಾ, ಅಥವಾ ಮೀಟರ್ ಕಂಪನಿಯವರೇ ಬರಬೇಕಾ?

---

ಉತ್ತರ: ಸಂಪಿನ ಲೆಕ್ಕ

ನೀವೇ ಮಾಡಬಹುದು. ನಿಮ್ಮ ಪ್ಲಂಬರ್ ಜೊತೆ ಮೂರು ಬಗೆಯ ಮನೆಗಳಲ್ಲಿ ಒಂದೊಂದನ್ನು ನೋಡಿದರೆ ಸಾಕು, ಒಂದರ ಮೇಲೊಂದು ಇರುವ ಮನೆಗಳು ಸಾಮಾನ್ಯವಾಗಿ ಒಂದೇ ತರ ಇರುತ್ತವೆ. ಪೈಪ್‌ಗಳು ಇಳಿಯುವ ಡಕ್ಟಿನ ಬಾಗಿಲು ತೆಗೆದು, ಟೆರೇಸಿನಲ್ಲಿ ಒಂದೊಂದೇ ವಾಲ್ವ್ ಮುಚ್ಚಿ, ಯಾವ ನಲ್ಲಿ ನಿಂತಿತು ಅಂತ ಬರೆದುಕೊಳ್ಳಿ. ಫ್ಲಶ್‌ಗೆ ಎಸ್‌ಟಿಪಿ ನೀರಿನ (ಕೊಳಚೆಯನ್ನು ಶುದ್ಧ ಮಾಡಿ ಮರುಬಳಸುವ ನೀರಿನ) ಪೈಪ್ ಬೇರೆ ಇದ್ದರೆ ಅದಕ್ಕೆ ಮೀಟರ್ ಬೇಡ, ಅದನ್ನು ಲೆಕ್ಕದಿಂದ ಬಿಡಿ. ಬಿಲ್ಡರ್ ಕೊಟ್ಟ ಪ್ಲಂಬಿಂಗ್ ನಕ್ಷೆ ಕಮಿಟಿ ಹತ್ತಿರ ಇದ್ದರೆ ಇನ್ನೂ ಸುಲಭ, ಆದರೆ ನಕ್ಷೆಯನ್ನೇ ನಂಬಬೇಡಿ. ಕಟ್ಟುವಾಗ ಬದಲಾಯಿಸಿರುತ್ತಾರೆ.

ಪಟ್ಟಿ ಆದ ಮೇಲೆ ಕನಿಷ್ಠ ಮೂರು ಕಡೆ ದರ ಕೇಳಿ. ಮೀಟರಿನ ಬೆಲೆಯ ಜೊತೆ ತಿಂಗಳ ಬಿಲ್ಲಿಂಗ್ ಶುಲ್ಕ, ಬ್ಯಾಟರಿ ಎಷ್ಟು ವರ್ಷ ಬರುತ್ತದೆ, ಕೆಟ್ಟರೆ ಯಾರು ಬದಲಾಯಿಸಿಕೊಡುತ್ತಾರೆ, ಈ ಮೂರನ್ನೂ ಬರವಣಿಗೆಯಲ್ಲಿ ಪಡೆದು ಸಭೆಗೆ ಒಯ್ಯಿರಿ. ಎಷ್ಟು ಪಾಯಿಂಟ್ ಬಂತು ಅಂತ ಇಲ್ಲಿ ಹಾಕಿ, ಖರ್ಚು ಹೇಗೆ ಹಂಚಬಹುದು ಅಂತ ನೋಡೋಣ.